ಇದ್ದಿಲಿನಲ್ಲಿ ಬರೆದ ಸುರ

ಏಣಿಯ ಮೇಲೆ ನಿಂತು ಪರದೆಗೆ ನೀಲಿ ಬಳಿಯುತ್ತಿದ್ದವಳಿಗೆ ಕೆಳಗಿನಿಂದ ಪೇಟಿಯ ಸುರ ಕೇಳಿಸಿತು.

ಮೊದಲು ಒಂದೇ ಸುರ. ಆಮೇಲೆ ಅಲ್ಲಿಂದ ಮೂರು ಸುರ ಕೆಳಗಿಳಿದು, ಕೊನೆಯದರ ಮೇಲೆ ಬೆರಳು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತು.

ಸುಲಭಾಳ ಕುಂಚ ಅಲ್ಲೇ ನಿಂತುಹೋಯಿತು.

ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಮುಖ ಮರೆತುಹೋಗಬಹುದು, ದನಿ ಬದಲಾಗಬಹುದು. ಆದರೆ ಹಾರ್ಮೋನಿಯಂ ಪೇಟಿಯ ಮೇಲೆ ಒಬ್ಬನ ಬೆರಳು ಎಲ್ಲಿ ಓಡುತ್ತದೆ, ಎಲ್ಲಿ ತಡೆಯುತ್ತದೆ ಅನ್ನುವುದನ್ನು... ದಿನವೂ ಅದರ ಜೊತೆಗೇ ಹಾಡಿದವಳು ಹೇಗೆ ಮರೆತಾಳು?

'ಬನಶಂಕರಿ ತಾಯಿ, ಅವನಾಗಿರದಿರಲಿ... ಬೇರೆ ಯಾರಾದರೂ ಆಗಿರಲಿ!'

ಅವನೇ ಆಗಿದ್ದ.

ಮಧುಸೂದನ ತಲೆಯೆತ್ತಿ ನೋಡುವುದಕ್ಕೂ, ಕುಂಚದ ತುದಿಯಿಂದ ನೀಲಿ ಬಣ್ಣದ ದೊಡ್ಡ ಹನಿಯೊಂದು ಅವನ ಬಿಳಿ ಅಂಗಿಯ ಹೆಗಲ ಮೇಲೆ ಬೀಳುವುದಕ್ಕೂ ಸರಿಹೋಯಿತು. ಅವನು ಹೆಗಲು ನೋಡಿಕೊಳ್ಳಲಿಲ್ಲ. ಅವಳನ್ನೇ ನೋಡುತ್ತ ನಿಂತ.

ಅದು ಇಳಕಲ್ಲಿನ ನೇಕಾರರ ಸಂಘದವರು ಕಟ್ಟಿಸಿದ ಹೊಸ ಸಭಾಗೃಹ. 1957ರ ಡಿಸೆಂಬರ್ ತಿಂಗಳು. ಗೋಡೆಯ ಸುಣ್ಣ ಇನ್ನೂ ಹಸಿ ವಾಸನೆ ಬೀರುತ್ತಿತ್ತು. ಭಾನುವಾರ ಉದ್ಘಾಟನೆ, ಅಂದು ಸಂಜೆ ಸುಲಭಾಳ ಗಾಯನ. ವೇದಿಕೆಯ ಹಿಂದಿನ ಪರದೆಗೆ ಕೂಡಲಸಂಗಮದ ಎರಡು ಹೊಳೆ ಬರೆದುಕೊಡುವ ಕೆಲಸವನ್ನೂ ಅವಳಿಗೇ ಒಪ್ಪಿಸಿದ್ದರು. ಅದಕ್ಕೇ ಗುರುವಾರವೇ ಬಾಗಲಕೋಟೆಯಿಂದ ಬಂದಿದ್ದಳು.

ಸಂಘದ ಅಧ್ಯಕ್ಷ ಪಾಂಡಪ್ಪನಿಗೆ ಈ ಇಬ್ಬರ ನಡುವಿನ ಹಳೆಯ ಕತೆ ಎಲ್ಲಿ ಗೊತ್ತು? ಹಿಗ್ಗಿನಿಂದ ಪರಿಚಯ ಮಾಡಿಸಿದ. ಇವರು ಹುನಗುಂದದ ಸಾಲಿ ಮಾಸ್ತರು, ಭಾನುವಾರ ಇವರೇ ಪೇಟಿ ನುಡಿಸುವವರು ಎಂದ.

ಸುಲಭಾ ಏಣಿಯಿಂದ ಇಳಿಯಲಿಲ್ಲ. ಅಲ್ಲಿಂದಲೇ ಹೇಳಿದಳು:

"ಇವರ ಪೇಟಿಗೆ ನಾ ಹಾಡೂದಿಲ್ಲ."

ಪಾಂಡಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಮಧುಸೂದನ ಮಾತ್ರ ಶಾಂತವಾಗಿ ಅಂದ:

"ಬಣ್ಣ ಸೋರ್ಲಿಕ್ಕತ್ತದ, ನೋಡ್ರಿ."

'ನೋಡ್ರಿ' ಅಂತೆ! ಯಾರೋ ಪರವೂರಿನ ಹೆಂಗಸಿಗೆ ಹೇಳುವ ಹಾಗೆ! ಆ ಮರ್ಯಾದೆ ಅವಳ ಎದೆಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಅವನು ಪೇಟಿ ಮುಚ್ಚಿ, ಟೋಪಿ ಸರಿಮಾಡಿಕೊಂಡು ಮಧ್ಯಾಹ್ನದ ಮೋಟಾರಿಗೆ ಹುನಗುಂದಕ್ಕೆ ಹೊರಟುಹೋದ.

ಪಾಂಡಪ್ಪ ಕೈಮುಗಿಯುವುದೊಂದು ಬಾಕಿ. ಬಾಗಲಕೋಟೆಯ ಪೇಟಿಯವರು ಲಗ್ನಕ್ಕೆಂದು ಸೊಲ್ಲಾಪುರಕ್ಕೆ ಹೋಗಿದ್ದಾರೆ, ವಿಜಾಪುರದಿಂದ ಯಾರನ್ನೂ ಕರೆಸುವಷ್ಟು ದಿನ ಉಳಿದಿಲ್ಲ, ಹ್ಯಾಂಡ್‌ಬಿಲ್ಲು ಊರೆಲ್ಲ ಹಂಚಿಯಾಗಿದೆ ಎಂದು ಗೋಳಿಟ್ಟ. ಆ ಹ್ಯಾಂಡ್‌ಬಿಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: 'ರಾಜಪುತ್ರ ಖ್ಯಾತಿಯ ಬೇಬಿ ಸುಲಭಾ'.

ಇಪ್ಪತ್ಮೂರು ವರ್ಷದ ಬೇಬಿ! ಆದರೆ ಜನರನ್ನು ದೂರಿ ಏನು ಉಪಯೋಗ? ಜನ ಒಮ್ಮೆ ಯಾರನ್ನಾದರೂ ಎತ್ತಿ ಮುದ್ದಾಡಿದರೆ, ಅವರು ಬೆಳೆದದ್ದನ್ನು ಸುಲಭಕ್ಕೆ ಒಪ್ಪುವುದಿಲ್ಲ.

*

ಆ ಕಾಲ ನೋಡಿದವರಿಗೆ ಗೊತ್ತು. ಮಲಕಪ್ಪನ ನಾಟಕ ಕಂಪನಿ ಊರಿಗೆ ಬಂತೆಂದರೆ ಬಾದಾಮಿಯಿಂದ ಹುನಗುಂದದವರೆಗೆ ಬಂಡಿಗಳು ಸಾಲುಗಟ್ಟುತ್ತಿದ್ದವು. ಕಂಪನಿಯ ಪ್ರಾಣವೆಂದರೆ 'ವನವಾಸಿ ರಾಜಪುತ್ರ' ನಾಟಕ. ನಾಟಕದ ಪ್ರಾಣವೆಂದರೆ ರಾಜಪುತ್ರನ ಪಾರ್ಟು ಮಾಡುತ್ತಿದ್ದ ಏಳು ವರ್ಷದ ಹುಡುಗಿ ಸುಲಭಾ.

ತಂದೆ ತಾಯಿ ಇಲ್ಲದ ಮಗು. ಅಪ್ಪನ ಅಕ್ಕ ಜಾನಕಿಬಾಯಿ ಕಂಪನಿಯಲ್ಲಿ ಪೋಷಾಕು ನೋಡಿಕೊಳ್ಳುತ್ತಿದ್ದಳು. ಆ ಅತ್ಯಾಳ ಸೆರಗು ಹಿಡಿದುಕೊಂಡೇ ಸುಲಭಾ ರಂಗಕ್ಕೆ ಬಂದಳು.

ಕಾಡಿನಲ್ಲಿ ದಾರಿ ತಪ್ಪಿದ ರಾಜಪುತ್ರ ಅವ್ವನನ್ನು ಕರೆಯುತ್ತ ಬರುವ ಹಾಡೊಂದಿತ್ತು. ಮೊದಲ ಸಾಲನ್ನು ಒಳಗಿನಿಂದಲೇ, ಯಾವ ವಾದ್ಯವೂ ಇಲ್ಲದೆ ಹಾಡಬೇಕು. ದನಿ ಮೊದಲು, ಮುಖ ಆಮೇಲೆ. ಆ ಎತ್ತರದ ದನಿ ಕತ್ತಲಿಂದ ಏಳುತ್ತಿದ್ದಂತೆ ಗಂಡಸರೂ ಮೂಗು ಒರೆಸಿಕೊಳ್ಳುತ್ತಿದ್ದರು. 'ವನ್ಸ್ ಮೋರ್! ವನ್ಸ್ ಮೋರ್!' ಎಂಬ ಕೂಗು. ಒಮ್ಮೆ ಇಳಕಲ್ಲಿನಲ್ಲಿ ಐದು ಸಲ ಹಾಡಿಸಿದ್ದರು. ಪುಟ್ಟ ಸುಲಭಾಗೆ ಅದೆಲ್ಲ ಆಟ. ಹಾಡಿ ಒಳಗೆ ಬಂದರೆ ಯಾರಾದರೂ ಬತ್ತಾಸು ಕೊಡುತ್ತಿದ್ದರು, ಅಷ್ಟು ಸಾಕಿತ್ತು.

ಅವಳ ಸುರ 'ಕರಿ ಐದು'. ಅಂದರೆ ಪೇಟಿಯ ಐದನೆಯ ಕರಿ ಪಟ್ಟಿ, ಮಕ್ಕಳ ಗಂಟಲಿಗಷ್ಟೇ ಹಗುರಾಗುವ ಎತ್ತರ.

ಮಧುಸೂದನ ಕಂಪನಿಯ ಪೇಟಿ ಮಾಸ್ತರನಾದಾಗ ಅವನಿಗೆ ಹದಿನೆಂಟು ವರ್ಷ, ಅವಳಿಗೆ ಹದಿಮೂರು. ಸಂಕೋಚದ ಹುಡುಗ. ಮಾತಾಡಬೇಕಾದದ್ದನ್ನೆಲ್ಲ ಪೇಟಿಯಲ್ಲೇ ಹೇಳುವವನು. ಅವಳು ದೊಡ್ಡವಳಾದ ಮೇಲಂತೂ ಅತ್ಯಾ ಕಾವಲು ಕೂತುಬಿಟ್ಟಳು. ಗಂಡಸರ ಜೊತೆ ಮಾತಿಲ್ಲ, ನಗೆಯಿಲ್ಲ, ತಾಲೀಮು ಮುಗಿದ ಕೂಡಲೇ ಒಳಗೆ.

ಆದರೆ ಹಾಡುವವರಿಗೆ ಸುರ ಯಾವುದೆಂದು ತಿಳಿಸಲೇಬೇಕಲ್ಲ? ಅದಕ್ಕೆ ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ರಂಗದ ಮಗ್ಗುಲಲ್ಲಿ ನಿಲ್ಲಿಸುವ ಬಟ್ಟೆಯ ಚೌಕಟ್ಟುಗಳಿಗೆ ವಿಂಗು ಅನ್ನುತ್ತಿದ್ದರು. ನಟರು ಪ್ರವೇಶಕ್ಕೆ ಕಾಯುತ್ತ ನಿಲ್ಲುವ ಮೂರನೆಯ ವಿಂಗಿನ ಬೆನ್ನಿಗೆ ಪೇಟಿ ಮಾಸ್ತರ ಇದ್ದಿಲಿನಿಂದ ಆ ದಿನದ ಸುರ ಬರೆದಿಡುತ್ತಿದ್ದ. ಏನೂ ಬರೆದಿಲ್ಲವೆಂದರೆ ಎಂದಿನ ಸುರ ಎಂದು ಅರ್ಥ. ನಟರು ಓದಿ, ಅಂಗೈಯಿಂದ ಅಳಿಸಿ ಒಳಗೆ ಹೋಗಬೇಕು.

ಸುಲಭಾಳ ಪಾಲಿಗೆ ಆ ವಿಂಗೇ ಅಂಚೆಯಾಯಿತು!

'ಕರಿ ಐದು. ನಿನ್ನೆ ಛಲೋ ಹಾಡಿದಿ.'

'ಕರಿ ಐದು. ನೀ ಇವತ್ತ ಊಟ ಮಾಡಿಲ್ಲಂತ, ಯಾಕ?'

'ಕರಿ ಐದು. ಆ ಹಸಿರು ಜರಿ ಅಂಗಿ ನಿನಗ ಒಪ್ಪತದ.'

ಓದುತ್ತಿದ್ದಳು, ಮತ್ತೊಮ್ಮೆ ಓದುತ್ತಿದ್ದಳು, ಅಳಿಸಲು ಮನಸ್ಸು ಬಾರದೆ ಅಳಿಸುತ್ತಿದ್ದಳು. ಅಂಗೈ ಕರಿಯಾಗುತ್ತಿತ್ತು. ಕರಿ ಅಂಗೈಯ ರಾಜಪುತ್ರ ಅವ್ವನನ್ನು ಕರೆಯುತ್ತ ರಂಗಕ್ಕೆ ಹೋಗುತ್ತಿದ್ದ... ಜಗತ್ತಿನಲ್ಲಿ ಅದಕ್ಕಿಂತ ಸುಖದ ವಯಸ್ಸು ಇನ್ನೊಂದಿದೆಯೇ?

ಹಗಲು ಹೊತ್ತು ಅವಳಿಗೆ ಇನ್ನೊಂದು ಹುಚ್ಚಿತ್ತು. ಪರದೆ ಬರೆಯುವ ಜಹಾಂಗೀರ ಚಾಚಾನ ಬಳಿ ಕೂತು ಬಣ್ಣ ಕಲಸುವುದು. ಅತ್ಯಾ ಅದಕ್ಕೆ ಅಡ್ಡಿ ಮಾಡುತ್ತಿರಲಿಲ್ಲ, ಚಾಚಾನಿಗೆ ಅರವತ್ತು ದಾಟಿತ್ತು.

ಆಮೇಲೆ 1948ರ ಗುಳೇದಗುಡ್ಡದ ಕ್ಯಾಂಪು ಬಂತು.

ಅಂದು ಸುಲಭಾ ಮೂರನೆಯ ವಿಂಗಿನ ಹಿಂದೆ ನಿಂತು ನೋಡಿದಳು. ಏನೂ ಬರೆದಿರಲಿಲ್ಲ. ಮಾತೂ ಇಲ್ಲ, ಸುರವೂ ಇಲ್ಲ. 'ಮಾಸ್ತರಿಗೆ ಇವತ್ತ ಏನಾತು?' ಎಂದು ಮನಸ್ಸು ಸಪ್ಪಗಾಯಿತು. ಎಂದಿನಂತೆ ಕರಿ ಐದರಲ್ಲಿ ಹಾಡು ಎತ್ತಿದಳು.

ಪೇಟಿ ಕೂಡಿಕೊಂಡಿತು... ಕರಿ ಮೂರರಲ್ಲಿ!

ತಬಲಾವನ್ನೂ ಅದೇ ಸುರಕ್ಕೆ ಇಳಿಸಿ ಕಟ್ಟಿದ್ದರು. ಅವಳ ದನಿ ಮೇಲೊಂದು ಕಡೆ, ವಾದ್ಯಗಳೆಲ್ಲ ಕೆಳಗೊಂದು ಕಡೆ. ಅವನು ಏರಿ ಬರುತ್ತಾನೆಂದು ಅವಳು ಕಾದಳು, ಅವನು ಬರಲಿಲ್ಲ. ಮೂರನೆಯ ಸಾಲಿನ ಎತ್ತರಕ್ಕೆ ಹೋಗುವಾಗ ಗಂಟಲು ಸೀಳಿ, ಹಾಡು ಹೋಗಿ ಕಿರುಚಾಟವಾಯಿತು. ಗುಳೇದಗುಡ್ಡದ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ ಕೋಳಿಯ ಹಾಗೆ ಕೂಗಿದರು.

ಹದಿನಾಲ್ಕು ವರ್ಷದ ಹುಡುಗಿ ಕಿರೀಟ ಕಿತ್ತೆಸೆದು ಓಡಿದಳು. ಮತ್ತೆ ಎಂದೂ ರಂಗ ಹತ್ತಲಿಲ್ಲ.

ಬೇರೊಬ್ಬ ಮಗುವನ್ನು ತರಲು ಮಾಲಕರು ಹೇಳಿ ಮಾಡಿಸಿದ್ದು ಎಂದು ಅಡುಗೆಯವರು ಪಿಸುಗುಟ್ಟಿದರು, ಅವಳು ನಂಬಿದಳು. ಮಾಲಕ ಮಲಕಪ್ಪ ಮಾತ್ರ ಮಧುಸೂದನನನ್ನು ಆ ರಾತ್ರಿಯೇ ಕೆಲಸದಿಂದ ತೆಗೆದ. ಆ ಸುದ್ದಿ ಎಲ್ಲ ಕಂಪನಿಗಳಿಗೂ ಹಬ್ಬಿತು. 'ಕೂಸಿನ ಗಂಟಲು ಕೊಯ್ದ ಮಾಸ್ತರ' ಎಂದು ಹೆಸರು ಬಿದ್ದ ಮೇಲೆ ಯಾರೂ ಅವನನ್ನು ಪೇಟಿಗೆ ಕೂಡಿಸಲಿಲ್ಲ. ಹುನಗುಂದದ ಸಾಲೆ ಸೇರಿಕೊಂಡ. ಮದುವೆಯಾಗಲಿಲ್ಲ.

ಸುಲಭಾಳನ್ನು ಅತ್ಯಾ ಬಾದಾಮಿಗೆ ಕರೆದೊಯ್ದಳು. ಕಂಪನಿ ಬಿಟ್ಟ ಜಹಾಂಗೀರ ಚಾಚಾ ಅಲ್ಲಿದ್ದ. ಮೂರು ವರ್ಷ ಅವನ ಕೈಕೆಳಗೆ ಗುಡ್ಡ, ಕೆರೆ, ಗುಡಿ ಬರೆದು ಬರೆದು ಅವಳ ಕೈ ಪಳಗಿತು. ಆಮೇಲೆ ಬಾಗಲಕೋಟೆ. ಅಂಗಡಿ ಬೋರ್ಡು, ಸಾಲೆಯ ನಾಟಕದ ಪರದೆ, ದೇವರ ಪಟ ಬರೆದುಕೊಡುತ್ತಿದ್ದಳು. ಹೆಣ್ಣುಮಗಳು ಏಣಿ ಹತ್ತಿ ಬೋರ್ಡು ಬರೆಯುವುದನ್ನು ನೋಡಲು ಮೊದಮೊದಲು ಜನ ಸೇರುತ್ತಿದ್ದರು, ಆಮೇಲೆ ಬಣ್ಣಕ್ಕಾಗಿ ಸೇರತೊಡಗಿದರು.

ಹಾಡನ್ನು ಬಿಟ್ಟೇಬಿಡುತ್ತೇನೆ ಅಂದುಕೊಂಡಿದ್ದಳು. ಹಾಡು ಅವಳನ್ನು ಬಿಡಬೇಕಲ್ಲ? ಓಣಿಯ ಕೊನೆಯ ಮನೆಯಲ್ಲಿದ್ದ ಮುದಿ ಗವಾಯಿ ಬುವಾ ಒಬ್ಬರು ಮೊದಲಿನಿಂದ ಕಲಿಸಿದರು. ದನಿ ಈಗ ಬೇರೆಯಾಗಿತ್ತು, ಆಳವಾಗಿ, ತುಸು ಗಡುಸಾಗಿ. ಎಷ್ಟೋ ವರ್ಷ ಅದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡಿ ಕೊನೆಗೆ ಒಂದು ಸುರದಲ್ಲಿ ನೆಲೆ ಕಂಡುಕೊಂಡಿತು. ಆದರೆ ಅದನ್ನು ಕೇಳಿದವರು ಇಬ್ಬರೇ, ಬುವಾ ಮತ್ತು ಅತ್ಯಾ. ಜನರ ಮುಂದೆ ಕೂತು ಬಾಯಿ ತೆರೆದರೆ ಆ ನಗೆ ಕೇಳಿಸುತ್ತಿತ್ತು.

ಇಳಕಲ್ಲಿನ ಕರೆ ಬಂದಾಗ ತನಗೆ ತಾನೇ ಹೇಳಿಕೊಂಡಿದ್ದಳು: 'ಇದೊಂದು ಸಲ ಹಾಡುತ್ತೇನೆ. ಆಗದಿದ್ದರೆ ತಂಬೂರಿ ಅಟ್ಟಕ್ಕೆ. ಬೋರ್ಡು ಬರೆದುಕೊಂಡು ಇರುತ್ತೇನೆ.'

ಅದೊಂದು ಸಲಕ್ಕೇ ಅವನು ಪೇಟಿ ಹೊತ್ತುಕೊಂಡು ಬರಬೇಕೇ!

*

ಗುರುವಾರ ಸಂಜೆ ಇಳಿದುಕೊಂಡಿದ್ದ ಮನೆಯಲ್ಲಿ ಅತ್ಯಾ ರೊಟ್ಟಿ ಮುರಿಯುತ್ತ ಅವಳ ಗೊಣಗಾಟವನ್ನೆಲ್ಲ ಕೇಳಿಸಿಕೊಂಡಳು. ಮಗ್ಗುಲ ಮನೆಯಿಂದ ಮಗ್ಗದ ಸದ್ದು ಬಿಡದೆ ಬರುತ್ತಿತ್ತು.

"ಒಂಬತ್ತು ವರ್ಷ 'ಯಾಕ ಮಾಡಿದ, ಯಾಕ ಮಾಡಿದ' ಅಂತ ನನ್ನ ತಲಿ ತಿಂದಿ," ಅಂದಳು ಅತ್ಯಾ. "ನಾ ಏನ ಹೇಳ್ಲಿ? ಆ ಮನಷ್ಯಾ ಎಂಟು ಮೈಲಿ ದೂರ ಇದ್ದಾನ. ಹೋಗಿ ಅವನ್ನ ಕೇಳು."

ಅತ್ಯಾಳ ಮಾತು ಯಾವಾಗಲೂ ಹಾಗೆ, ಉಪ್ಪು ಹೆಚ್ಚು, ಎಣ್ಣೆ ಕಡಿಮೆ. ಶುಕ್ರವಾರ ಬೆಳಗಿನ ಮೋಟಾರಿಗೆ ಸುಲಭಾ ಹುನಗುಂದದಲ್ಲಿದ್ದಳು. ದಾರಿಯುದ್ದಕ್ಕೂ ಬಿಳಿಜೋಳ ಎದೆಮಟ್ಟ ನಿಂತಿತ್ತು. ಅವಳ ಕಣ್ಣಿಗೆ ಏನೂ ಬೀಳಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ತಿರುವಿ ತಿರುವಿ ಹರಿತ ಮಾಡಿಕೊಳ್ಳುತ್ತಿದ್ದಳು.

ಸಾಲೆಯಲ್ಲಿ ಆಟದ ಹೊತ್ತು. ಅವನು ಬೇವಿನ ಮರದ ಕಟ್ಟೆಯ ಮೇಲೆ ಮಕ್ಕಳು ಬರೆಯುವ ಪಾಟಿಗಳನ್ನು ಜೋಡಿಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಒಂದ ಮಾತು ಕೇಳಿ ಹೋಗ್ಲಿಕ್ಕೆ ಬಂದೇನಿ. ಗುಳೇದಗುಡ್ಡದಾಗ ಅವತ್ತ ಯಾಕ ಹಂಗ ಮಾಡಿದ್ರಿ?"

ಅವನು ಕೈಯಲ್ಲಿದ್ದ ಪಾಟಿಯನ್ನು ಕಟ್ಟೆಯ ಮೇಲಿಟ್ಟ. ಆಮೇಲೆ ಅಂದ:

"ಇದನ್ನ ನಾ ನಿಮಗ ಕೇಳಬೇಕಂತಿದ್ದೆ. ನೀವು ಯಾಕ ಮಾಡಿದ್ರಿ?"

"ನಾ ಏನ ಮಾಡಿದೆ?"

"ಕರಿ ಮೂರು ಅಂತ ಬರದಿದ್ದೆ. ಓದಿ, ಅಳಸಿ, ಮತ್ತ ಕರಿ ಐದಕ್ಕ ಹಾಡಿದ್ರಿ."

ಅವನು ನಿಧಾನವಾಗಿ, ಲೆಕ್ಕ ಕಲಿಸುವವನ ಹಾಗೆ ಹೇಳುತ್ತ ಹೋದ. ಆ ದಿನ ಬೆಳಗಿನ ತಾಲೀಮಿನಲ್ಲಿ ಅವಳ ದನಿ ಎರಡು ಸಲ ಸೀಳಿತ್ತು. ಅವಳು ಕೆಮ್ಮಿ ಮರೆಸಿದ್ದಳು, ಅವನಿಗೆ ತಿಳಿದಿತ್ತು. ಮಗುವಿನ ದನಿ ಮುಗಿಯಿತು, ಇನ್ನು ಆ ಎತ್ತರದಲ್ಲಿ ಹಾಡಿಸಿದರೆ ಗಂಟಲೇ ಹೋಗುತ್ತದೆ ಎಂದು ಮಾಲಕರಿಗೆ ಹೇಳಿದ. ಮಾಲಕರು ಕೇಳಲಿಲ್ಲ, ಜನ ಬರುವುದೇ ಆ ಎತ್ತರದ ದನಿಗೆ ಎಂದರು. ಆದ್ದರಿಂದ ತಾನೇ ಸುರ ಇಳಿಸಿದ. ಎಂದಿನಂತೆ ಸಂಜೆ ಬರೆಯಹೋದರೆ ಮಾಲಕರು ನೋಡಿಬಿಡುತ್ತಾರೆಂದು ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ಬರೆದಿಟ್ಟ.

"ಸುಳ್ಳು," ಅಂದಳು ಸುಲಭಾ. "ಏನೂ ಬರದಿದ್ದಿಲ್ಲ. ನಾ ನಿಂತು ನೋಡೇನಿ. ಇಡೀ ವಿಂಗು ಬಿಳೇದ ಬಿಳೇದು ಇತ್ತು."

"ಬಿಳೇದು?" ಅವನ ಹುಬ್ಬು ಗಂಟಿಕ್ಕಿತು. "ಆ ವಿಂಗಿನ ಬೆನ್ನು ಯಾವತ್ತ ಬಿಳೇದು ಇತ್ತು? ಮಾಸಿದ ಖಾದಿ ಅರಿವಿ ಅದು."

ಸುಲಭಾ ಕಣ್ಣು ಮುಚ್ಚಿ ಆ ವಿಂಗನ್ನು ನೆನೆದಳು.

ಹೌದು... ಮಾಸಿದ ಖಾದಿ ಬಟ್ಟೆ. ಯಾವತ್ತೂ. ಆ ಒಂದು ದಿನ ಬಿಟ್ಟು!

ಒಂಬತ್ತು ವರ್ಷ ಆ ಬಿಳುಪನ್ನು ನೆನೆದು ಅತ್ತಿದ್ದಳು. ಅದು ಬಿಳಿ ಯಾಕಾಗಿತ್ತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆ ಮಧ್ಯಾಹ್ನ ಮೂರು ಗಂಟೆ. ಜಹಾಂಗೀರ ಚಾಚಾ ಹೊಸ ಅಡವಿಯ ಸೀನು ಬರೆಯಬೇಕೆಂದಿದ್ದ. ವಿಂಗುಗಳ ಬೆನ್ನಿಗೆ ಸುಣ್ಣ, ಸರೇಸಿನ ಅಂಟು ಕಲಸಿ ಒಂದು ಕೈ ಬಳಿದಿಡು ಬೇಟಿ, ಸಂಜೆಯೊಳಗೆ ಒಣಗುತ್ತದೆ ಎಂದು ಹೇಳಿ ನಮಾಜಿಗೆ ಹೋಗಿದ್ದ. ತನ್ನನ್ನು ನಂಬಿ ಕೊಟ್ಟ ಮೊದಲ ಕೆಲಸ! ಚೌಕಟ್ಟುಗಳನ್ನು ನೆಲದ ಮೇಲೆ ತಲೆಕೆಳಗಾಗಿ ಹಾಸಿ, ಹಿಗ್ಗಿನಿಂದ ಭರಭರನೆ ಬಳಿದಿದ್ದಳು. ಒಂದು ಕಡೆ ಕುಂಚಕ್ಕೆ ಕರಿ ಹತ್ತಿ ಬಣ್ಣ ಬೂದಿಯಾಯಿತು. ಮಾಸ್ತರ ಬರೆಯುವುದು ಸಂಜೆಗಲ್ಲವೇ, ಇದು ಹಳೆಯ ಕಲೆಯಿರಬೇಕೆಂದು ಅದರ ಮೇಲೆ ಎರಡನೆಯ ಕೈ ಹಾಕಿದಳು...

ಅವನು ಅವಳ ಗಂಟಲು ಉಳಿಸಲು ಬರೆದದ್ದನ್ನು ಅವಳೇ ಬಳಿದು ಮುಚ್ಚಿದ್ದಳು. ತನ್ನ ಕೈಯಾರೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಒಂಬತ್ತು ವರ್ಷ ಬರೆ ತಿಂದವನು ಅವನು.

"ಏನಾತ್ರಿ? ಮುಖ ಯಾಕ ಹಂಗಾತು?" ಅವನು ಕೇಳಿದ.

ಹೇಳಬೇಕಿತ್ತು. ಅಲ್ಲೇ, ಆಗಲೇ ಹೇಳಿಬಿಡಬೇಕಿತ್ತು. ನಮ್ಮ ನಾಯಕಿ ಏನು ಮಾಡಿದಳು ಗೊತ್ತೇ? "ಮೋಟಾರ ಹೊತ್ತಾತು," ಎಂದು ಸೆರಗು ಬಿಗಿದುಕೊಂಡು ಓಡಿದಳು. ಏಣಿಯ ತುದಿಯಲ್ಲಿ ಅಳುಕದೆ ನಿಲ್ಲುವವಳಿಗೆ ನೆಲದ ಮೇಲೆ ನಿಂತು ಒಂದು ಮಾತು ಒಪ್ಪಿಕೊಳ್ಳುವ ಧೈರ್ಯವಾಗಲಿಲ್ಲ.

*

ಶನಿವಾರವೆಲ್ಲ ಅವಳು ಪರದೆಯ ಮುಂದೆ ನಿಂತಿದ್ದೇ ಬಂತು. ಹೊಳೆ ಮುಗಿಯಲಿಲ್ಲ.

'ಯಾರಿಗೆ ಗೊತ್ತು? ಕಂಪನಿ ಮುಚ್ಚಿ ಹೋಗಿದೆ. ಆ ವಿಂಗು ಯಾರ ಒಲೆಗೆ ಹೋಯಿತೋ. ಅವನಿಗೂ ಗೊತ್ತಿಲ್ಲ. ಸುಮ್ಮನೆ ಹಾಡಿ ಹೋಗಲೇ? ಹೇಳಿದರೆ ಅವನು ನನ್ನ ಮುಖ ನೋಡುತ್ತಾನೆಯೇ? ಅವನ ಬಾಳು ಹಾಳುಮಾಡಿ, ಮೇಲೆ ನಾನೇ ಸಿಟ್ಟು ಮಾಡಿಕೊಂಡು ಕೂತಿದ್ದೆನಲ್ಲ...'

ಪಾಂಡಪ್ಪ ಬಂದು ಅಳುಕುತ್ತಲೇ ಪೇಟಿಯ ವಿಷಯ ಎತ್ತಿದ. ಮಧುಸೂದನ ಮಾಸ್ತರರೇ ಇರಲಿ ಎಂದಳು. ಪಾಂಡಪ್ಪ ನಿಟ್ಟುಸಿರಿಟ್ಟು ಇನ್ನೊಂದು ಮಾತೂ ಹೇಳಿದ. ಗುಳೇದಗುಡ್ಡದಿಂದ ಬರುವ ನೇಕಾರರಿಗೆ ಆ ಮಾಸ್ತರರನ್ನು ಕರೆದದ್ದು ಹಿಡಿಸಿಲ್ಲವಂತೆ, ಹಳೆಯದನ್ನೇ ಎತ್ತಿ ಆಡುತ್ತಿದ್ದಾರಂತೆ. ಸುಲಭಾ ಮುಖ ತಿರುಗಿಸಿಕೊಂಡು ಕುಂಚ ತೊಳೆಯತೊಡಗಿದಳು.

ಭಾನುವಾರ ನಾಲ್ಕು ಗಂಟೆಗೆ ಸಭಾಗೃಹ ತುಂಬಿತು. ಮುಂದೆ ಕೆಂಪು ಸೆರಗಿನ ಹೆಣ್ಣುಮಕ್ಕಳು, ಹಿಂದೆ ರುಮಾಲುಗಳು, ಕಿಟಕಿಯಲ್ಲಿ ತಲೆಗಳು. ಸುಲಭಾ ರಾತ್ರಿ ಹೇಗೋ ಬರೆದು ಮುಗಿಸಿದ ಹೊಳೆಯ ಪರದೆಯ ಮುಂದೆ ತಂಬೂರಿ ಹಿಡಿದು ಕೂತಳು. ಮಗ್ಗುಲಲ್ಲಿ ಮಧುಸೂದನ ತಲೆತಗ್ಗಿಸಿ, ಯಾವ ಸುರ ಎಂದು ಮೆಲ್ಲಗೆ ಕೇಳಿದ.

"ಕರಿ ಮೂರು," ಅಂದಳು.

ಪೇಟಿಯ ಮೇಲಿದ್ದ ಕೈ ಹಾಗೇ ನಿಂತಿತು. ಅವಳ ದನಿ ಒಂಬತ್ತು ವರ್ಷ ಹುಡುಕಿ ಸೇರಿದ ನೆಲೆಯನ್ನು ಅವನು ಒಂದು ಬೆಳಗಿನ ತಾಲೀಮಿನಲ್ಲಿ ಕೇಳಿಸಿಕೊಂಡಿದ್ದ. ಇಬ್ಬರಿಗೂ ಅದು ಒಟ್ಟಿಗೇ ತಿಳಿಯಿತು. ಅವನು ಸುರ ಕೊಟ್ಟ.

ಮೊದಲು ಭೀಮಪಲಾಸ ಹಾಡಿದಳು. ದನಿ ನಡುಗಿತು, ನಿಂತಿತು, ಮತ್ತೆ ನಡುಗಿತು. ಅವನ ಪೇಟಿ ಮಾತ್ರ ಕೈಹಿಡಿದು ಹೊಳೆ ದಾಟಿಸುವವರ ಹಾಗೆ ಅವಳ ಜೊತೆಗೇ ಇತ್ತು. ಆದರೆ ಜನ ಕಾಯುತ್ತಿದ್ದದ್ದು ಇದಕ್ಕಲ್ಲ. ಹಿಂದಿನ ಸಾಲು ಗುಜುಗುಜು ಅನ್ನತೊಡಗಿತು. ರಾಗ ಮುಗಿಯುತ್ತಲೇ ರಾಜಪುತ್ರನ ಹಾಡು ಬೇಕೆಂದು ಯಾರೋ ಕೂಗಿದರು. ಇನ್ನೊಬ್ಬ ಎದ್ದು ನಿಂತು ಹಲ್ಲು ಕಿರಿದ:

"ಆ ಮಾಸ್ತರನ ಪೇಟಿ ಬ್ಯಾಡವಾ! ಗುಳೇದಗುಡ್ಡದಾಗ ಮಾಡಿಧಂಗ ಮತ್ತ ಸುರ ಕೆಡಸ್ಯಾನ!"

ಸಭೆ ಗೊಳ್ಳೆಂದಿತು. ಅದೇ ನಗೆ... ಈ ಸಲ ಅವನ ಮೇಲೆ. ಮಧುಸೂದನ ತಲೆ ಎತ್ತಲಿಲ್ಲ. ಪೇಟಿಯ ಮುಚ್ಚಳ ಹಾಕಲು ಕೈ ಚಾಚಿದ.

ಸುಲಭಾ ತಂಬೂರಿಯನ್ನು ಕೆಳಗಿಟ್ಟಳು.

"ಅವತ್ತ ಸುರ ಕೆಡಿಸಿದಾಕಿ ನಾನು."

ನಗೆ ಅರ್ಧಕ್ಕೇ ನಿಂತಿತು. ಅವಳು ಹೇಳುತ್ತ ಹೋದಳು. ಸುರ ಬರೆಯುವ ಪದ್ಧತಿ, ಮಧ್ಯಾಹ್ನದ ಹೊತ್ತು, ಸುಣ್ಣದ ಕುಂಚ, ಎರಡನೆಯ ಕೈ, ಒಂದನ್ನೂ ಬಿಡಲಿಲ್ಲ. ದನಿ ಒಡೆಯಿತು, ಒಡೆದರೂ ನಿಲ್ಲಿಸಲಿಲ್ಲ.

"ಇವರು ನನ್ನ ಗಂಟಲ ಕಾಯ್ಲಿಕ್ಕೆ ಬರದಿದ್ರು. ನಾ ಅದನ್ನ ಬಳದು ಮುಚ್ಚಿದೆ. ನನಗೂ ಮೊನ್ನೆ ತಿಳೀತು, ಇವರಿಗೆ ಈಗ ತಿಳಿಲಿಕ್ಕತ್ತದ. ನಗೂದಿದ್ರ ನನ್ನ ನೋಡಿ ನಗ್ರಿ. ಇವರನ್ನ ನೋಡಿ ನಗಬ್ಯಾಡ್ರಿ."

ಮಧುಸೂದನನ ಕಡೆ ತಿರುಗುವ ಧೈರ್ಯ ಅವಳಿಗಿರಲಿಲ್ಲ. 'ಎದ್ದು ಹೋಗುತ್ತಾನೆ... ಈಗ ಎದ್ದು ಹೋಗುತ್ತಾನೆ' ಎಂದು ಕಾಯುತ್ತ ಕೂತಳು. ಸಭೆಯಲ್ಲಿ ಎಲ್ಲೋ ಒಂದು ಮಗು ಅಳತೊಡಗಿತು. ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಬಾಳಮ್ಮನೆಂಬ ಮುದುಕಿ, ನೂಲು ಸುತ್ತಿ ಸುತ್ತಿ ಬೆರಳು ಸೊಟ್ಟಗಾದವಳು, ಕೈ ಬೀಸಿದಳು:

"ಆತು ಬಿಡವಾ. ಹದಿನಾಕ ವರಸದ ಕೂಸಿಗಿ ಏನ ತಿಳೀತೈತಿ? ಈಗ ಹಾಡು."

ಮಗ್ಗುಲಲ್ಲಿ ಪೇಟಿ ಮತ್ತೆ ತೆರೆದುಕೊಂಡಿತು. ಅವನು ಎದ್ದು ಹೋಗಿರಲಿಲ್ಲ.

ಅವಳು ಹಾಡಿದಳು. ಮೊದಲ ಸಾಲು ಒಬ್ಬಳೇ, ಯಾವ ವಾದ್ಯವೂ ಇಲ್ಲದೆ. ಅದೇ ಹಾಡು, ಆದರೆ ಈಗ ಅವ್ವನನ್ನು ಕರೆಯುತ್ತಿದ್ದದ್ದು ದಾರಿ ತಪ್ಪಿದ ಮಗುವಲ್ಲ. ಅವ್ವ ಬರುವುದಿಲ್ಲವೆಂದು ಗೊತ್ತಿದ್ದೂ ಕರೆಯುವ ದೊಡ್ಡ ಮಗಳು. ಪೇಟಿ ಕೂಡಿಕೊಂಡಿತು. ಒಂದು ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ.

ಎಲ್ಲರೂ ಮೆಚ್ಚಿದರೆಂದು ನಾನು ಸುಳ್ಳು ಹೇಳುವುದಿಲ್ಲ. ಹಿಂದಿನಿಂದ ಹತ್ತಿಪ್ಪತ್ತು ಜನ ಎದ್ದು ಹೋದರು, ಮೊದಲಿನ ದನಿ ಇಲ್ಲವೆಂದರು. ವನ್ಸ್ ಮೋರ್ ಎಂದು ಯಾರೂ ಕೂಗಲಿಲ್ಲ. ಆದರೆ ಪಾಂಡಪ್ಪ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ. ಬಾಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಇನ್ನೊಂದು ಯಾವುದಾದರೂ ಹಾಡು ತಂಗಿ, ನಿನಗೆ ಬೇಕಾದ್ದನ್ನು ಎಂದಳು.

ನಿನಗೆ ಬೇಕಾದ್ದನ್ನು! ಅದನ್ನು ಇಲ್ಲಿಯವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಇನ್ನೂ ಒಂದು ತಾಸು ಹಾಡಿದಳು.

*

ದೀಪ ಹಚ್ಚುವ ಹೊತ್ತಿಗೆ ಸಭಾಗೃಹ ಖಾಲಿಯಾಯಿತು. ಹೊರಗೆ ಪಾಂಡಪ್ಪ ಅತ್ಯಾಳಿಗೆ ಚಾ ಕೊಡಿಸುತ್ತಿದ್ದ. ವೇದಿಕೆಯ ಮೇಲೆ ಇಬ್ಬರೇ ಉಳಿದರು. ಅವನು ಪೇಟಿಗೆ ಬಟ್ಟೆ ಹೊದಿಸುತ್ತ, ಅವಳ ಕಡೆ ನೋಡದೆ ಅಂದ:

"ಅಷ್ಟು ಮಂದಿ ಮುಂದ ಹೇಳೂದು ಬೇಕಿತ್ತೇನು?"

"ಅಷ್ಟು ಮಂದಿ ಮುಂದನ ನಿಮ್ಮ ಹೆಸರು ಕೆಟ್ಟಿತ್ತು."

ಅವನ ಕೈ ಬಟ್ಟೆಯ ಗಂಟಿನ ಮೇಲೆ ನಿಂತಿತು.

"ನಂದೂ ಒಂದು ಹೇಳೂದದ. ಅವತ್ತ ನಾ ನಿಮ್ಮ ಸುರಕ್ಕ ಏರಿ ಬರಬಹುದಿತ್ತು. ತಬಲಾ ಬಿಟ್ಟು ಪೇಟಿ ಒಂದರ ಮ್ಯಾಲೆನ ನಡಸಬಹುದಿತ್ತು. ಬರಲಿಲ್ಲ." ಅವನು ತಡೆದು ಹೇಳಿದ. "ಬೇಕಂತನ ನನ್ನ ಮಾತು ಅಳಸಿ ಹಾಕಿದ್ಲು ಅಂತ ಸಿಟ್ಟು ಬಂತು. ಆಕಿನ ಇಳಿದು ಬರಲಿ ಅಂತ ಹಟಾ ಹಿಡಿದು ಕೂತೆ. ಅಷ್ಟರಾಗ ನಿಮ್ಮ ದನಿ ಒಡೀತು. ಆ ಸಪ್ಪಳ ಇವತ್ತಿಗೂ ನನ್ನ ಕಿವಿಯಾಗ ಅದ."

ಸುಲಭಾ ಅವನತ್ತ ತಿರುಗಿದಳು. ಸಿಟ್ಟು ಬರಬೇಕಿತ್ತು. ಬಂದದ್ದು ಮಾತ್ರ ಕಣ್ಣೀರು, ಅದೂ ಹಗುರಾದ ಕಣ್ಣೀರು.

"ಇದನ್ನ ಮೊನ್ನೆ ಯಾಕ ಹೇಳ್ಲಿಲ್ಲ?"

"ನೀವು ಮೋಟಾರ ಹೊತ್ತಾತು ಅಂತ ಓಡಿದ್ರಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅವನೂ ನಕ್ಕ. ಆ ನಗೆ ಹದಿನೆಂಟರ ಹುಡುಗನದೇ ಇತ್ತು, ಒಂದಿಷ್ಟೂ ಬದಲಾಗಿರಲಿಲ್ಲ.

"ಅತ್ಯಾನ್ನ ಒಂದ ಮಾತು ಕೇಳಿದೆ, ಆಗಲೆ, ಮಂದಿ ಹೋಗೂ ಮುಂದ," ಅಂದ ಮೆಲ್ಲಗೆ.

"ಏನಂತ?"

"ನಿಮ್ಮ ಹುಡುಗಿನ್ನ ನನಗ ಕೊಡ್ತೀರೇನು ಅಂತ."

"ಅತ್ಯಾ ಏನಂದ್ಲು?"

"ಒಂಬತ್ತು ವರ್ಷ ಆಕಿ ನನ್ನ ತಲಿ ತಿಂದಾಳ, ಇನ್ನ ನಿನ್ನ ತಲಿ ತಿನ್ನಲಿ. ಆದ್ರ ಆಕಿನ್ನ ಕೇಳು, ಅಂದ್ರು."

ಹೊರಗಿನಿಂದ ಅತ್ಯಾಳ ಕೆಮ್ಮು ಕೇಳಿಸಿತು. ಸುಲಭಾ ತಂಬೂರಿಯ ತಂತಿಗಳನ್ನು ಒಂದೊಂದಾಗಿ ಸಡಿಲಿಸುತ್ತ ಕೂತಳು. ನಾಟಕದ ಹುಡುಗಿ, ಬೋರ್ಡು ಬರೆಯುವವಳು, ತನ್ನನ್ನು ಯಾರಾದರೂ ಹೀಗೆ ಕೇಳುತ್ತಾರೆಂದು ಅವಳು ಅಂದುಕೊಂಡೇ ಇರಲಿಲ್ಲ.

"ನನಗ ಅಡಿಗಿ ಬರೂದಿಲ್ಲ."

"ನನಗ ಬರ್ತದ."

"ಮನಿ ತುಂಬಾ ಬಣ್ಣ ಆಗ್ತದ."

"ಆಗ್ಲಿ."

"ನಸಿಕಿನ್ಯಾಗ ಎದ್ದು ಹಾಡ್ತೇನಿ. ಓಣಿ ಮಂದಿ ಬೈತಾರ."

"ಪೇಟಿ ಹಿಡಕೊಂಡು ನಾನೂ ಕೂಡ್ತೇನಿ. ಇಬ್ಬರಿಗೂ ಕೂಡೇ ಬೈಲಿ." ಅವನು ಆ ಸಂಜೆ ಮೊದಲ ಸಲ ಅವಳ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದ. ಆ 'ರಿ' ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. "ನನ್ನ ಮನಿಗೆ ಬರ್ತಿಯೇನು, ಸುಲಭಾ?"

ಅವಳು ತಂಬೂರಿಯನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ಜ್ವಾಕಿಲೆ ಹಿಡಕೋ. ಬಾಗಲಕೋಟೆಯೊಳಗ ನನ್ನ ಬಣ್ಣದ ಡಬ್ಬಿ ಇಪ್ಪತ್ತು ಅವ. ಅವನ್ನೂ ನೀನ ಹೊರಬೇಕು."